ವಿಯೆಟ್ನಾಂ ಬಂದರಿನಲ್ಲಿ ಮೂರು ದಿನ: ಶಿವಮೊಗ್ಗದಿಂದ ಹಡಗು ಹತ್ತುವವರಿಗೆ

2024ರ ಏಪ್ರಿಲ್ 2ರಂದು ಭಾರತೀಯ ಕರಾವಳಿ ಕಾವಲು ಪಡೆಯ ‘ಸಮುದ್ರ ಪಹರೇದಾರ್’ ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಬಂದರಿಗೆ ಹೋಗಿ ನಿಂತಿತು. ಕಡಲಿಗೆ ಚೆಲ್ಲಿದ ಎಣ್ಣೆ ತೆಗೆಯುವುದಕ್ಕೆಂದೇ ಕಟ್ಟಿದ ಹಡಗು ಅದು. ಮನಿಲಾದಿಂದ ಬಂದು, ಇಲ್ಲಿ ಮೂರು ದಿನ ಇದ್ದು, ಮುಂದೆ ಬ್ರೂನೈನ ಮುವಾರಾ ಬಂದರಿಗೆ ಹೊರಟಿತು. ಅದರಲ್ಲಿ ನಾವಿಕರ ಜೊತೆಗೆ 25 ಮಂದಿ ಎನ್‌ಸಿಸಿ ಕೆಡೆಟ್‌ಗಳಿದ್ದರು. ಕಡಲತೀರ ಸ್ವಚ್ಛಗೊಳಿಸುವ ‘ಪುನೀತ್ ಸಾಗರ್’ ಅಭಿಯಾನವನ್ನು ಎನ್‌ಸಿಸಿ 2021ರ ಡಿಸೆಂಬರಿನಲ್ಲಿ ಶುರು ಮಾಡಿತ್ತು. ಅದನ್ನು ಹೊರದೇಶಗಳಿಗೂ ಒಯ್ಯುವುದು ಈ ಹುಡುಗ ಹುಡುಗಿಯರ ಕೆಲಸ. ಕಾಲೇಜಿನಲ್ಲಿ ಓದುತ್ತಿರುವಾಗಲೇ, ಸ್ವಂತ ಕಾಸು ಖರ್ಚು ಮಾಡದೆ, ಹಡಗಿನಲ್ಲಿ ವಿಯೆಟ್ನಾಂ ನೋಡಿ ಬಂದವರು ಇವರು.

ಶಿವಮೊಗ್ಗದ ರಾಗಿಗುಡ್ಡದ ಬೀದಿಯಲ್ಲಿ ನಿಂತು ಇದನ್ನು ಹೇಳಿದರೆ, ‘ಅದೆಲ್ಲ ಮಂಗಳೂರು, ಕಾರವಾರದವರಿಗೆ ಬಿಡಿ’ ಅನ್ನುವವರೇ ಹೆಚ್ಚು. ಸಮುದ್ರ ಕಾಣಬೇಕಾದರೆ ನಾವು ಸಾಗರ, ಜೋಗ ದಾಟಿ ಘಾಟಿ ಇಳಿದು ಹೊನ್ನಾವರಕ್ಕೆ ಹೋಗಬೇಕು ನಿಜ. ಆದರೆ ಕೆಳದಿ ಅರಸರ ಕಾಲದಲ್ಲಿ ಹೊನ್ನಾವರ, ಭಟ್ಕಳ, ಮಂಗಳೂರು ಬಂದರುಗಳು ಇದೇ ಮಲೆನಾಡಿನ ಅರಮನೆಯ ಮಾತು ಕೇಳುತ್ತಿದ್ದವು. ಅಕ್ಕಿ, ಮೆಣಸು ಅಲ್ಲಿಂದ ಹಡಗೇರುತ್ತಿದ್ದವು. ಈಗಲೂ ದೂರ ಒಂದು ಅಡ್ಡಿಯಲ್ಲ. ದಾರಿ ಯಾವುದು, ಯಾವ ಕಾಗದ ಯಾವಾಗ ಬೇಕು ಎಂಬುದು ಗೊತ್ತಿಲ್ಲದಿರುವುದೇ ಅಡ್ಡಿ. ಇನ್ನೊಂದು ಮಾತು: ಬಂದರಿನಲ್ಲಿ ಹಡಗು ನಿಲ್ಲುವ ಎರಡು ಮೂರು ದಿನ ಪ್ರವಾಸದ ಪ್ಯಾಕೇಜ್ ಅಲ್ಲ. ಅಲ್ಲಿ ಗಡಿಯಾರ ಹಡಗಿನದು, ನಿಮ್ಮದಲ್ಲ. ಇದನ್ನು ಒಪ್ಪಿಕೊಂಡು ಹೋದವರು ಹೆಚ್ಚು ನೋಡುತ್ತಾರೆ, ಒಪ್ಪದವರು ಹೆಚ್ಚು ಓಡುತ್ತಾರೆ.

ಹಡಗು ಹತ್ತುವ ದಾರಿಗಳು

ಮೊದಲನೆಯದು ಎನ್‌ಸಿಸಿ. ಕಾಲೇಜಿನ ಮೊದಲ ವರ್ಷದಲ್ಲೇ ಸೇರಬೇಕು. ‘ಆಮೇಲೆ ನೋಡೋಣ’ ಅಂದವರಿಗೆ ಜಾಗ ಸಿಗುವುದಿಲ್ಲ. ಯೂತ್ ಎಕ್ಸ್‌ಚೇಂಜ್ ಕಾರ್ಯಕ್ರಮದಲ್ಲಿ ಎನ್‌ಸಿಸಿ ಕೆಡೆಟ್‌ಗಳನ್ನು ಹೊರದೇಶಕ್ಕೆ ಕಳಿಸುತ್ತದೆ, ಅದರಲ್ಲಿ ವಿಯೆಟ್ನಾಂ ಕೂಡ ಇದೆ. ಆಯ್ಕೆ ಸಾಮಾನ್ಯವಾಗಿ ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೆ ಹೋಗಿಬಂದವರಿಂದ. ಆ ಶಿಬಿರಕ್ಕೆ ಹೋಗಲು ಮೊದಲು ನಿಮ್ಮ ಬೆಟಾಲಿಯನ್, ನಂತರ ಗ್ರೂಪ್, ಆಮೇಲೆ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯ ಹೀಗೆ ಒಂದೊಂದೇ ಜರಡಿ ದಾಟಬೇಕು. ಡ್ರಿಲ್ ಒಂದೇ ಸಾಲದು. ಸಾಂಸ್ಕೃತಿಕ ತಂಡ, ಭಾಷಣ, ಸಾಮಾನ್ಯ ಜ್ಞಾನ, ಸಂದರ್ಶನ ಎಲ್ಲಕ್ಕೂ ಅಂಕ ಇದೆ. ಡೊಳ್ಳು ಬಡಿಯಲು ಬರುವ ನಮ್ಮ ಕಡೆಯ ಮಕ್ಕಳು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ಇಲ್ಲಿ ಹಲವರು ಎಡವುವುದು ಕೊನೆಯ ಗಳಿಗೆಯಲ್ಲಿ: ಹೆಸರು ಪಟ್ಟಿಯಲ್ಲಿ ಬರುತ್ತದೆ, ಪಾಸ್‌ಪೋರ್ಟ್ ಇರುವುದಿಲ್ಲ.

ಎರಡನೆಯದು ಮರ್ಚೆಂಟ್ ನೇವಿ, ಅಂದರೆ ಸರಕು ಹಡಗು. ಇದು ಓದೂ ಹೌದು, ದುಡಿಮೆಯೂ ಹೌದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲಿ ಒಟ್ಟು ಶೇ. 60, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯ ಇಂಗ್ಲಿಷಿನಲ್ಲಿ ಶೇ. 50 ಬೇಕು. ಚೆನ್ನೈನಲ್ಲಿ ಮುಖ್ಯ ಕಚೇರಿ ಇರುವ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆದು ನಾಟಿಕಲ್ ಸೈನ್ಸ್ ಅಥವಾ ಮರೀನ್ ಎಂಜಿನಿಯರಿಂಗ್ ಸೇರಬಹುದು. ಡೆಕ್ ವಿಭಾಗಕ್ಕೆ ಕನ್ನಡಕ ಇಲ್ಲದೆಯೇ ಕಣ್ಣು ಸರಿಯಾಗಿ ಕಾಣಬೇಕು, ಬಣ್ಣಗುರುಡು ಇರಬಾರದು. ಫೀಸು ಕಟ್ಟುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಶಿವಮೊಗ್ಗದ ಜೆಎನ್‌ಎನ್‌ಸಿಇಯಂಥ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದವರಿಗೆ ಗ್ರಾಜುಯೇಟ್ ಮರೀನ್ ಎಂಜಿನಿಯರಿಂಗ್ ಎಂಬ ಅಲ್ಪಾವಧಿ ಕೋರ್ಸ್ ಇದೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ಸುಮಾರು 4 ತಿಂಗಳ ಇಟಿಓ (ಹಡಗಿನ ವಿದ್ಯುತ್ ವಿಭಾಗದ ಅಧಿಕಾರಿ) ತರಬೇತಿ ಇದೆ. ಹತ್ತನೆಯ ತರಗತಿ ಪಾಸಾದವರಿಗೆ, ಹಡಗಿನ ಸಾಮಾನ್ಯ ಕೆಲಸಗಳಿಗೆ, 6 ತಿಂಗಳ ಜಿಪಿ ರೇಟಿಂಗ್ ತರಬೇತಿ.

ಈ ಜಿಪಿ ರೇಟಿಂಗ್ ವಿಷಯದಲ್ಲೇ ಮೋಸ ಜಾಸ್ತಿ. ‘ಮೂರು ಲಕ್ಷ ಕೊಡಿ, ಹಡಗಿನಲ್ಲಿ ಕೂರಿಸುತ್ತೇನೆ’ ಅನ್ನುವ ಏಜೆಂಟರು ಊರೂರಲ್ಲಿ ಇದ್ದಾರೆ. ಒಂದೇ ಪರೀಕ್ಷೆ ಸಾಕು: ಆ ತರಬೇತಿ ಸಂಸ್ಥೆಯ ಹೆಸರು ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯವಾದ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಪಟ್ಟಿಯಲ್ಲಿದೆಯೇ, ಕೆಲಸಕ್ಕೆ ಕಳಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ನೋಡಿ. ಅಲ್ಲಿ ಇಲ್ಲದ ಹೆಸರು ಎಷ್ಟೇ ದೊಡ್ಡ ಬೋರ್ಡಿನಲ್ಲಿದ್ದರೂ ನಮಗೆ ಬೇಡ.

ಮೂರನೆಯದು ದುಬಾರಿ. ಅಮೆರಿಕದ ‘ಸೆಮಿಸ್ಟರ್ ಅಟ್ ಸೀ’ 1963ರಿಂದ ನಡೆದುಬಂದ ತೇಲುವ ಕಾಲೇಜು. ಈಗ ಅದರ ಹಡಗು ಎಂವಿ ವರ್ಲ್ಡ್ ಒಡಿಸ್ಸಿ; ಓದಿನ ಅಂಕ ಕೊಡುವುದು ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿ. ಒಂದು ಸೆಮಿಸ್ಟರ್ ಅಂದರೆ ಸುಮಾರು 100 ದಿನ. ಹಡಗು ಸಮುದ್ರದಲ್ಲಿದ್ದಾಗ ಪಾಠ, ಬಂದರಿನಲ್ಲಿದ್ದಾಗ ಪಾಠಕ್ಕೆ ರಜೆ. ಆದರೆ ಪ್ರತಿ ವಿಷಯಕ್ಕೂ ಯಾವುದಾದರೂ ಒಂದು ಬಂದರಿನಲ್ಲಿ ಹೊರಗೆ ಹೋಗಿ ಮಾಡುವ ಕಡ್ಡಾಯ ತರಗತಿ ಇರುತ್ತದೆ. ಈ ಹಡಗು ಹೋ ಚಿ ಮಿನ್ ನಗರಕ್ಕೂ ಹೋಗುತ್ತಿರುತ್ತದೆ, ನಮ್ಮ ಕೊಚ್ಚಿಗೂ ಬಂದಿದೆ. ಬೇರೆ ಕಾಲೇಜು, ಬೇರೆ ದೇಶದ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು, ಸಹಾಯಧನವೂ ಇದೆ. ಹಾಗಿದ್ದರೂ ಖರ್ಚು ಹತ್ತಾರು ಸಾವಿರ ಡಾಲರ್. ಅಮೆರಿಕದಲ್ಲಿ ಓದುತ್ತಿರುವ ನಮ್ಮವರ ಮಕ್ಕಳಿಗೆ ಇದು ಹತ್ತಿರ, ಇಲ್ಲಿಂದ ನೇರ ಹೋಗುವವರಿಗೆ ದೂರ. ಮನೆ ಒತ್ತೆ ಇಟ್ಟು ಹೋಗುವಂಥದ್ದಲ್ಲ ಎಂದು ನನ್ನ ಅಭಿಪ್ರಾಯ.

ಕಾಗದ ಪತ್ರ

ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಶಿವಮೊಗ್ಗದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ, 10 ವರ್ಷದ ಪಾಸ್‌ಪೋರ್ಟಿಗೆ 1,500 ರೂಪಾಯಿ. ತತ್ಕಾಲ್ ಬೇಕಾದರೆ ಇನ್ನೂ 2,000. ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ‘ರಘು ಎಂ.’, ಆಧಾರ್‌ನಲ್ಲಿ ‘ರಘು ಮಂಜಪ್ಪ’, ಬ್ಯಾಂಕಿನಲ್ಲಿ ‘ಎಂ. ರಘು’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಮ್ಮೆ ಹೇಗೆ ಬಿಡಿಸಿ ಬರೆಸುತ್ತೀರೋ, ವೀಸಾ, ವಿಮೆ, ಹಡಗಿನ ಪಟ್ಟಿ ಎಲ್ಲದರಲ್ಲೂ ಅದೇ ಇರಬೇಕು. ಹಾಗಾಗಿ ಅರ್ಜಿ ಹಾಕುವ ಮುಂಚೆ ಆಧಾರ್ ಮತ್ತು ಅಂಕಪಟ್ಟಿ ಎದುರಿಗಿಟ್ಟುಕೊಂಡು, ಮನೆಯವರ ಜೊತೆ ಕೂತು ತೀರ್ಮಾನಿಸಿ. ಸೈಬರ್ ಸೆಂಟರಿನವರಿಗೆ ಬಿಟ್ಟರೆ ಅವರಿಗೆ ತೋಚಿದಂತೆ ತುಂಬುತ್ತಾರೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಟ್ಟರೆ, ಕೆಲಸಕ್ಕೆ ಕೆಲವು ಹೊರದೇಶಗಳಿಗೆ ಹೋಗಲು ಸರ್ಕಾರದ ಅನುಮತಿ ಬೇಕೆನ್ನುವ ‘ಇಸಿಆರ್’ ಮುದ್ರೆ ಬೀಳುವುದಿಲ್ಲ. ಮುಂದೆ ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲ. ಬಾಡಿಗೆ ಮನೆಯಲ್ಲಿರುವವರು ಈಗಿರುವ ವಿಳಾಸಕ್ಕೇ ಆಧಾರ್ ಬದಲಿಸಿಕೊಂಡು ಅರ್ಜಿ ಹಾಕುವುದು ವಾಸಿ. ಪೊಲೀಸರು ವಿಚಾರಣೆಗೆ ಬಂದಾಗ ‘ಅವರು ಇಲ್ಲಿ ಇಲ್ಲ, ಮನೆ ಬದಲಿಸಿದ್ದಾರೆ’ ಎಂದು ಪಕ್ಕದ ಮನೆಯವರು ಹೇಳಿದರೆ ಅಲ್ಲಿಗೆ ತಿಂಗಳುಗಟ್ಟಲೆ ಎಳೆದಾಟ.

ವಿಯೆಟ್ನಾಮಿಗೆ ಇ-ವೀಸಾ ಸಾಕು. 2023ರ ಆಗಸ್ಟ್ 15ರಿಂದ ಅದನ್ನು 90 ದಿನಕ್ಕೆ ಕೊಡುತ್ತಿದ್ದಾರೆ. ಒಂದು ಸಲ ಒಳಹೋಗಲು 25 ಡಾಲರ್, ಹಲವು ಸಲಕ್ಕೆ 50. ಅರ್ಜಿ ಹಾಕುವುದು ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಆಗಬೇಕು. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ವಿಎನ್’ ಇಲ್ಲದ ಪುಟಗಳು ಮಧ್ಯವರ್ತಿಗಳವು, ಎರಡು ಮೂರು ಪಟ್ಟು ಹಣ ಕೀಳುತ್ತವೆ. ಹಡಗಿನಲ್ಲಿ ಹೋಗುವವರು ಅರ್ಜಿಯಲ್ಲಿ ವಿಮಾನ ನಿಲ್ದಾಣ ಅಲ್ಲ, ತಾವು ಇಳಿಯುವ ಬಂದರನ್ನೇ ಆರಿಸಬೇಕು. ಆ ಬಂದರು ಇ-ವೀಸಾ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಡುವೆ ಕಾಂಬೋಡಿಯಾಕ್ಕೆ ಹೋಗಿ ಬರುವ ಆಸೆ ಇದ್ದರೆ ಹಲವು ಸಲದ ವೀಸಾನೇ ಬೇಕು, ಇಲ್ಲದಿದ್ದರೆ ಹಿಂದಕ್ಕೆ ಬಿಡುವುದಿಲ್ಲ. ಸರಕು ಹಡಗಿನ ಕೆಡೆಟ್‌ಗಳ ಲೆಕ್ಕ ಬೇರೆ: ನಾವಿಕರ ಗುರುತಿನ ಸಿಡಿಸಿ ಪುಸ್ತಕ ಇರುತ್ತದೆ, ಹಡಗಿನ ಏಜೆಂಟರ ಮೂಲಕ ಬಂದರಿನ ಗಡಿ ಕಾವಲಿನವರು ದಡಕ್ಕಿಳಿಯುವ ಪಾಸ್ ಕೊಡುತ್ತಾರೆ. ಎನ್‌ಸಿಸಿಯವರಿಗೆ ಇದನ್ನೆಲ್ಲ ಮೇಲಿನವರೇ ನೋಡಿಕೊಳ್ಳುತ್ತಾರೆ, ಪಾಸ್‌ಪೋರ್ಟ್ ಮಾತ್ರ ನೀವು ಇಟ್ಟುಕೊಂಡಿರಬೇಕು.

ಹಡಗು ನಿಲ್ಲುವುದು ಎಲ್ಲಿ?

ಇದನ್ನು ಕೇಳದೆ ಯಾವ ಯೋಜನೆಯನ್ನೂ ಹಾಕಬೇಡಿ. ‘ಹೋ ಚಿ ಮಿನ್ ನಗರ’ ಎಂದು ಕಾಗದದಲ್ಲಿ ಬರೆದಿದ್ದರೂ ಹಡಗು ಪೇಟೆ ನಡುವೆ ನಿಲ್ಲುತ್ತದೆ ಎಂದಲ್ಲ. ಚಿಕ್ಕ ಹಡಗುಗಳು ವುಂಗ್ ತಾವ್ ಬಳಿ ಸಮುದ್ರ ಬಿಟ್ಟು, ಕಾನ್ ಜೋ ಎಂಬ ಕಾಂಡ್ಲಾ ಕಾಡಿನ ನಡುವೆ ನದಿಯಲ್ಲಿ ನಾಲ್ಕು ತಾಸಿನಷ್ಟು ಒಳಕ್ಕೆ ಬಂದು ಸೈಗಾನ್ ನದಿಯ ದಡದಲ್ಲಿ ನಿಲ್ಲುತ್ತವೆ. 2009ರಲ್ಲಿ ನದಿಗೆ ಅಡ್ಡಲಾಗಿ ಫು ಮಿ ಸೇತುವೆ ಬಂದ ಮೇಲೆ ಅದರ ಕೆಳಗೆ ತೂರಲಾಗದ ದೊಡ್ಡ ಹಡಗುಗಳು ಪೇಟೆಗೆ ಬರುವಂತಿಲ್ಲ. ಅವು ನಿಲ್ಲುವುದು ಫು ಮಿ, ಕಾಯ್ ಮೆಪ್ ಬಂದರುಗಳಲ್ಲಿ. ಅಲ್ಲಿಂದ ಪೇಟೆಗೆ 70–80 ಕಿ.ಮೀ., ಬಸ್ಸಿನಲ್ಲಿ ಎರಡು ತಾಸು. ಗೊಂದಲ ಈಗ ಹೆಚ್ಚಾಗಿದೆ. 2025ರ ಜುಲೈ 1ರಿಂದ ವಿಯೆಟ್ನಾಂ ತನ್ನ 63 ಪ್ರಾಂತ್ಯ, ನಗರಗಳನ್ನು 34ಕ್ಕೆ ಇಳಿಸಿ, ವುಂಗ್ ತಾವ್ ಕಡೆಯ ಪ್ರದೇಶವನ್ನೂ ಹೋ ಚಿ ಮಿನ್ ನಗರಕ್ಕೇ ಸೇರಿಸಿದೆ. ಹಾಗಾಗಿ ಫು ಮಿ ಬಂದರು ಈಗ ಕಾನೂನಿನ ಪ್ರಕಾರ ಹೋ ಚಿ ಮಿನ್ ನಗರವೇ! ‘ಡಿಸ್ಟ್ರಿಕ್ಟ್ 1’, ‘ಡಿಸ್ಟ್ರಿಕ್ಟ್ 4’ ಎಂಬ ಹಳೆಯ ವಿಂಗಡಣೆಯೂ ರದ್ದಾಗಿದೆ. ಜನರ ಬಾಯಲ್ಲಿ ಮಾತ್ರ ಉಳಿದಿದೆ, ಹಳೆಯ ನಕ್ಷೆಗಳಲ್ಲಿ ಕೂಡ.

ಫು ಮಿಯಲ್ಲಿ ನಿಂತರೆ ಹೋಗಿ ಬರಲು ದಿನಕ್ಕೆ ನಾಲ್ಕು ತಾಸು ಹೋಯಿತು ಎಂದು ಲೆಕ್ಕ ಹಾಕಿ. ಕಂಟೇನರ್ ಹಡಗಿನ ಕೆಡೆಟ್ ಆದರೆ ಇನ್ನೂ ಕಷ್ಟ. ಕಾಯ್ ಮೆಪ್‌ನಲ್ಲಿ ಕ್ರೇನುಗಳು ರಾತ್ರಿ ಹಗಲು ಕೆಲಸ ಮಾಡಿ ಒಂದು ದಿನದೊಳಗೆ ಹಡಗನ್ನು ಕಳಿಸಿಬಿಡುತ್ತವೆ. ಆಗ ಪೇಟೆಯ ಆಸೆ ಬಿಟ್ಟು ಬಂದರಿನ ಹತ್ತಿರದ ಊರಿನಲ್ಲಿ ಒಂದು ಊಟ, ಒಂದು ಕಾಫಿ, ಮನೆಗೊಂದು ವೀಡಿಯೊ ಕಾಲ್ ಮುಗಿಸಿ ಬರುವುದೇ ಜಾಣತನ.

ಹಡಗು ನಡುನಾಡಿನ ದಾ ನಾಂಗ್‌ನಲ್ಲಿ ನಿಂತರೆ ನಿಮ್ಮ ಅದೃಷ್ಟ. ಬಳ್ಳಿಗಾವಿಯ ಕೇದಾರೇಶ್ವರ, ಇಕ್ಕೇರಿಯ ಅಘೋರೇಶ್ವರ ನೋಡಿ ಬೆಳೆದವರು ಅಲ್ಲಿಂದ 70 ಕಿ.ಮೀ. ದೂರದ ಮಿ ಸನ್‌ಗೆ ಹೋಗಲೇಬೇಕು. ಹಿಂದೆ ಆ ಸೀಮೆಯನ್ನು ಆಳಿದ ಚಂಪಾ ಅರಸರು ಇಟ್ಟಿಗೆಯಲ್ಲಿ ಕಟ್ಟಿದ ಶಿವಾಲಯಗಳು, ಸುತ್ತ ಕಾಡುಗುಡ್ಡ. 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜಾಗ. ನಮ್ಮ ಪುರಾತತ್ತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುತ್ತಿದ್ದಾಗ 2020ರಲ್ಲಿ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಆದರೆ ಹಡಗು ದಕ್ಷಿಣದಲ್ಲಿ ನಿಂತಿರುವಾಗ ಮಿ ಸನ್‌ಗೆ ಹೋಗುತ್ತೇನೆ ಎಂದು ಹೊರಡಬೇಡಿ, ಅದು ಎಂಟುನೂರು ಕಿ.ಮೀ. ಆಚೆ.

ಪೇಟೆಯಲ್ಲಿ ಏನು ನೋಡುವುದು

ಮೂರು ದಿನ ಸಿಕ್ಕಿತು ಎಂದುಕೊಳ್ಳೋಣ. ಮೊದಲ ದಿನ ಪೂರ್ತಿ ನಡೆಯಿರಿ. ಹಡಗಿನಿಂದ ಇಳಿದವರಿಗೆ ನೆಲ ಸ್ವಲ್ಪ ಹೊತ್ತು ತೂಗಿದಂತೆಯೇ ಇರುತ್ತದೆ, ದೂರದ ಬಸ್ಸು ಹತ್ತಿದರೆ ವಾಂತಿ ಗ್ಯಾರಂಟಿ.

ನದಿ ದಡದ ಞಾ ರೊಂಗ್ ಧಕ್ಕೆಯಿಂದ ಶುರು ಮಾಡಿ. ಫ್ರೆಂಚರ ಹಡಗು ಕಂಪನಿಯ ಹಳೆಯ ಕಟ್ಟಡ. 1911ರ ಜೂನ್ 5ರಂದು 21 ವರ್ಷದ ಯುವಕನೊಬ್ಬ ಫ್ರೆಂಚ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಹಿಡಿದು ಇಲ್ಲಿಂದ ಹೊರಟ. ತಾಯ್ನಾಡಿಗೆ ಅವನು ಮತ್ತೆ ಕಾಲಿಟ್ಟದ್ದು 30 ವರ್ಷದ ಮೇಲೆ, 1941ರಲ್ಲಿ. ಈ ನಗರಕ್ಕೆ ಈಗ ಇರುವುದು ಅವನದೇ ಹೆಸರು. ಪಾತ್ರೆ ತೊಳೆದು, ತರಕಾರಿ ಹೆಚ್ಚಿ ಲೋಕ ಸುತ್ತಿದ ಹೋ ಚಿ ಮಿನ್ ಅವರ ಕತೆಯನ್ನು, ಹಡಗಿನಿಂದ ಈಗಷ್ಟೇ ಇಳಿದ ವಿದ್ಯಾರ್ಥಿ ಪಠ್ಯಪುಸ್ತಕದಲ್ಲಿ ಓದುವುದಕ್ಕಿಂತ ಅಲ್ಲಿ ನಿಂತು ತಿಳಿಯುವುದು ಬೇರೆಯೇ.

ಅಲ್ಲಿಂದ ಸೇತುವೆ ದಾಟಿದರೆ ಹಳೆಯ ಪೇಟೆ. 1891ರಲ್ಲಿ ಮುಗಿದ ಹಳದಿ ಬಣ್ಣದ ಅಂಚೆ ಕಚೇರಿಯಿಂದ ಮನೆಗೆ ಒಂದು ಕಾರ್ಡು ಹಾಕಿ. ಅಮೆರಿಕದ ಜೊತೆಗಿನ ದೀರ್ಘ ಯುದ್ಧದ ಕೊನೆಯಲ್ಲಿ, 1975ರ ಏಪ್ರಿಲ್ 30ರಂದು, ಉತ್ತರ ವಿಯೆಟ್ನಾಮಿನ ಟ್ಯಾಂಕುಗಳು ಗೇಟು ಮುರಿದು ನುಗ್ಗಿದ ಅರಮನೆ ಅಲ್ಲಿಂದ ಕೂಗಳತೆಯಲ್ಲಿದೆ. 1914ರ ಬೆನ್ ತಾನ್ ಮಾರುಕಟ್ಟೆ ನೋಡಲು ಚೆಂದ, ಕೊಳ್ಳಲು ಅಲ್ಲ. ಪ್ರವಾಸಿ ಮುಖ ಕಂಡರೆ ಮೂರು ಪಟ್ಟು ಬೆಲೆ ಹೇಳುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ಅಭ್ಯಾಸ ಇರುವವರು ಬೇಕಾದರೆ ಕೈ ನೋಡಬಹುದು.

ಮಾರುಕಟ್ಟೆಯ ಹಿಂದೆ ಸ್ವಲ್ಪ ನಡೆದರೆ ತ್ರುವಾಂಗ್ ದಿನ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿ. 19ನೇ ಶತಮಾನದಲ್ಲಿ ವ್ಯಾಪಾರಕ್ಕೆ ಬಂದ ತಮಿಳರು ಕಟ್ಟಿದ್ದು. ಈಗ ಪೂಜೆಗೆ ಬರುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿಯರೇ, ಊದುಬತ್ತಿ ಕಟ್ಟುಗಟ್ಟಲೆ ಹಚ್ಚಿ ಗೋಡೆಗೆ ಹಣೆ ತಾಗಿಸಿ ಬೇಡಿಕೊಳ್ಳುತ್ತಾರೆ. ಇನ್ನೊಂದು ದಿಕ್ಕಿನಲ್ಲಿ, ದೊಡ್ಡ ಹೋಟೆಲುಗಳ ನಡುವೆ, ಡಾಂಗ್ ಯೂ ರಸ್ತೆಯಲ್ಲಿ 1935ರ ಮಸೀದಿ. ಅದನ್ನು ಕಟ್ಟಿದವರೂ ದಕ್ಷಿಣ ಭಾರತದವರೇ. ಶುಕ್ರವಾರದ ನಮಾಜಿಗೆ ಜಾಗ ಹುಡುಕುವವರಿಗೆ, ಹಲಾಲ್ ಊಟ ಬೇಕಾದವರಿಗೆ ಮಸೀದಿಯ ಆಸುಪಾಸು ಅನುಕೂಲ. ಎರಡೂ ಕಡೆ ಚಪ್ಪಲಿ ಹೊರಗೆ, ಮೊಣಕಾಲು, ಭುಜ ಮುಚ್ಚಿರಬೇಕು ಎಂಬುದು ನಮ್ಮವರಿಗೆ ಹೇಳಬೇಕಿಲ್ಲ.

ಎರಡನೆಯ ದಿನ ಬೆಳಿಗ್ಗೆ ಯುದ್ಧ ಸ್ಮಾರಕ ವಸ್ತುಸಂಗ್ರಹಾಲಯ. ಏಳೂವರೆಗೇ ತೆರೆಯುತ್ತದೆ, ಟಿಕೆಟ್ 40,000 ಡಾಂಗ್, ಅಂದರೆ ನಮ್ಮ ಸುಮಾರು 130 ರೂಪಾಯಿ. ಅಮೆರಿಕದ ವಿಮಾನಗಳು ಕಾಡಿನ ಮೇಲೆ ಸುರಿದ ‘ಏಜೆಂಟ್ ಆರೆಂಜ್’ ವಿಷ ಮೂರನೆಯ ತಲೆಮಾರಿನ ಮಕ್ಕಳ ಮೈಯಲ್ಲೂ ಏನು ಮಾಡಿತು ಎಂಬ ಚಿತ್ರಗಳಿವೆ. ನೋಡಲು ಗಟ್ಟಿ ಮನಸ್ಸು ಬೇಕು. ಇದಾದ ಮೇಲೆ ಆ ದಿನಕ್ಕೆ ಇನ್ನೊಂದು ‘ಪಾಯಿಂಟ್’ ಜೋಡಿಸಬೇಡಿ. ಸಂಜೆ ಎಲ್ಲಾದರೂ ಕೂತು ಕಾಫಿ ಕುಡಿಯಿರಿ.

ಕಾಫಿಯ ಮಾತು ಬಂತು. ಜಗತ್ತಿನಲ್ಲಿ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ, ರೊಬಸ್ಟಾದಲ್ಲಿ ಅದೇ ಮೊದಲು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಬೆಳಗೆದ್ದು ಅಲ್ಲಿಯ ಮಳೆಯ ಸುದ್ದಿ ನೋಡುವುದು ಸುಮ್ಮನೆ ಅಲ್ಲ. ಲೋಟದ ಮೇಲೆ ‘ಫಿನ್’ ಎಂಬ ಪುಟ್ಟ ಫಿಲ್ಟರ್ ಇಟ್ಟು ಹನಿಹನಿಯಾಗಿ ಇಳಿಸಿ, ಕೆಳಗೆ ಮಂದ ಸಿಹಿ ಡಬ್ಬಿ ಹಾಲು, ಮೇಲೆ ಐಸು. ನಮ್ಮ ಫಿಲ್ಟರ್ ಕಾಫಿಯ ನೊರೆ ಇಲ್ಲ, ಬಿಸಿ ಇಲ್ಲ, ಆದರೂ ಒಪ್ಪಿಕೊಳ್ಳಬೇಕಾದ ರುಚಿ.

ಮೂರನೆಯ ದಿನವೇ ಹಡಗು ಹೊರಡದಿದ್ದರೆ ಆ ದಿನ ಪೇಟೆ ಬಿಟ್ಟು ಹೊರಗೆ ಹೋಗಬಹುದು, ಎರಡರಲ್ಲಿ ಒಂದನ್ನು ಆರಿಸಿ. 70 ಕಿ.ಮೀ. ದಕ್ಷಿಣಕ್ಕೆ ಮೆಕಾಂಗ್ ಮುಖಜಭೂಮಿಯ ಮಿ ತೊ, ಅದರಾಚೆ ತೆಂಗಿನ ನಾಡು ಬೆನ್ ಚೆ. ಇಲ್ಲವೇ ವಾಯವ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದ ಕು ಚಿ ಸುರಂಗಗಳು. ಯುದ್ಧಕಾಲದಲ್ಲಿ ಗೆರಿಲ್ಲಾಗಳು ಅಗೆದ 200 ಕಿ.ಮೀ.ಗೂ ಹೆಚ್ಚಿನ ನೆಲದಡಿ ದಾರಿ ಅದು. ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವ ಟೂರುಗಳಿವೆ; ಅವುಗಳಲ್ಲಿ ನೀವು ನೋಡುವುದು ಮುಖ್ಯವಾಗಿ ಹೆದ್ದಾರಿಯನ್ನು. ಎರಡು ದಿನದಲ್ಲಿ ವಿಮಾನ ಹಿಡಿದು ಕಾಂಬೋಡಿಯಾದ ಅಂಕೋರ್ ವಾಟ್ ನೋಡಿಬರುವ ಹುಚ್ಚೂ ಹಡಗಿನ ವಿದ್ಯಾರ್ಥಿಗಳಲ್ಲಿ ಇದೆ. ಹೋಗುವವರನ್ನು ತಡೆಯಲಾರೆ. ಆದರೆ ಆಮೇಲೆ ‘ವಿಯೆಟ್ನಾಂ ಹೇಗಿತ್ತು?’ ಎಂದು ಕೇಳಿದರೆ ಅವರು ಏನು ಹೇಳಿಯಾರು?

ಶಿವಮೊಗ್ಗದವರಿಗೆ ನನ್ನ ಸಲಹೆ ಕು ಚಿ. ಅದಕ್ಕೆ ಕಾರಣ ಸುರಂಗಕ್ಕಿಂತ ಹೆಚ್ಚಾಗಿ ದಾರಿ. ಆ ರಸ್ತೆ ಹಾದುಹೋಗುವ ಹೊಕ್ ಮೊನ್, ಬಾ ದಿಯೆಮ್ ಸೀಮೆಗೆ ‘ಹದಿನೆಂಟು ವೀಳ್ಯದೆಲೆ ತೋಟದ ಹಳ್ಳಿಗಳು’ ಎಂದೇ ಹಳೆಯ ಹೆಸರು. ಎಲೆಬಳ್ಳಿ, ಅಡಿಕೆ ಮರಗಳ ಊರುಗಳಾಗಿದ್ದ ಇವು ಫ್ರೆಂಚರ ವಿರುದ್ಧ 1885ರಲ್ಲೂ 1940ರಲ್ಲೂ ದಂಗೆ ಎದ್ದವು. ಈಗ ಪೇಟೆ ನುಂಗಿ ತೋಟ ಕಡಿಮೆಯಾಗಿದೆ. ಆದರೂ ಎಲೆ ಅಡಿಕೆ ಬಿಟ್ಟು ಅಲ್ಲಿ ಮದುವೆ ಇಲ್ಲ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೊರುವ ತಟ್ಟೆಗಳಲ್ಲಿ ಅಡಿಕೆ ಗೊನೆ ಮತ್ತು ಎಲೆ ಇರಲೇಬೇಕು. ಅದಕ್ಕೊಂದು ಕತೆಯಿದೆ: ಅಣ್ಣ ತಮ್ಮ ಇಬ್ಬರು, ಅಣ್ಣನಿಗೆ ಹೆಂಡತಿ. ಮನಸ್ತಾಪದಿಂದ ಮನೆ ಬಿಟ್ಟ ತಮ್ಮ ಹೊಳೆಯ ದಡದಲ್ಲಿ ಸತ್ತು ಸುಣ್ಣಕಲ್ಲಾದ. ಹುಡುಕಿ ಬಂದ ಅಣ್ಣ ಅಲ್ಲೇ ಸತ್ತು ಅಡಿಕೆ ಮರವಾದ. ಅವನನ್ನು ಹುಡುಕಿ ಬಂದ ಹೆಂಡತಿ ಮರವನ್ನಪ್ಪಿದ ಎಲೆಬಳ್ಳಿಯಾದಳು. ಸುಣ್ಣ, ಅಡಿಕೆ, ಎಲೆ ಮೂರೂ ಸೇರಿದಾಗ ಬಾಯಿ ಕೆಂಪಾಗುವುದು ಹಾಗೆ ಎನ್ನುತ್ತಾರೆ. ನಮ್ಮ ಮಂಡಿಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ವಿಂಗಡಣೆ ಅಲ್ಲಿಲ್ಲ. ಮದುವೆಗೆ ಬೇಕಾದದ್ದು ಹಸಿ ಅಡಿಕೆ. ಚೀನಾದವರು ಎಳೆ ಅಡಿಕೆ ಕೊಂಡು ಜಗಿಯುವ ಮಿಠಾಯಿ ಮಾಡುತ್ತಾರೆ. ಅಡಿಕೆ ಬೆಳೆಗಾರರ ಮಕ್ಕಳು ಯಾವುದಾದರೂ ಸಂತೆಯಲ್ಲಿ ದರ ಕೇಳಿ, ಬರೆದುಕೊಂಡು ಬನ್ನಿ. ಪ್ರಾಜೆಕ್ಟ್ ವರದಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಆದರೆ ಅಡಿಕೆಯನ್ನೇ ಚೀಲದಲ್ಲಿ ತರಬೇಡಿ. ಹೊರದೇಶದ ಅಗ್ಗದ ಅಡಿಕೆ ಬರುವುದನ್ನು ತಡೆಯಲು ನಮ್ಮ ಸರ್ಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದೆ, ಕಸ್ಟಮ್ಸ್‌ನವರ ಕಣ್ಣು ಅದರ ಮೇಲೇ ಇರುತ್ತದೆ.

ಊಟ, ಕಾಸು, ರಸ್ತೆ

ಸಸ್ಯಾಹಾರಿಗಳು ಕಲಿಯಬೇಕಾದ ಒಂದು ಪದ ‘ಚಾಯ್’. ‘ಕಮ್ ಚಾಯ್’ ಎಂದು ಬೋರ್ಡಿದ್ದರೆ ಅದು ಬೌದ್ಧರ ಸಸ್ಯಾಹಾರಿ ಊಟದ ಅಂಗಡಿ, ಮೊಟ್ಟೆ, ಮೀನು ಯಾವುದೂ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಅಲ್ಲಿಯ ಎಷ್ಟೋ ಜನ ಮಾಂಸ ಬಿಡುತ್ತಾರೆ, ಆಗ ಇಂಥ ಊಟ ಎಲ್ಲೆಲ್ಲೂ ಸಿಗುತ್ತದೆ. ಬೇರೆ ಅಂಗಡಿಯಲ್ಲಿ ‘ಮಾಂಸ ಬೇಡ’ ಅಂದರೆ ಸಾಲದು; ತರಕಾರಿ ಪಲ್ಯಕ್ಕೂ ‘ನುವಾಕ್ ಮಾಮ್’ ಎಂಬ ಮೀನಿನ ರಸ ಹಾಕಿರುತ್ತಾರೆ. ಮಾಂಸ ತಿನ್ನುವವರೂ ಮೂರು ಪದ ಗುರುತಿಟ್ಟುಕೊಳ್ಳಿ: ‘ಗಾ’ ಕೋಳಿ, ‘ಹೆಯೊ’ ಹಂದಿ, ‘ಬೊ’ ದನ. ಫೋ ಎಂಬ ಶಾವಿಗೆ ಸಾರು ಬಹುಪಾಲು ಬೊ. ರಸ್ತೆಬದಿ ಬಾನ್ ಮಿ ಎಂಬ ಬ್ರೆಡ್ಡು 20–35 ಸಾವಿರ ಡಾಂಗ್‌ಗೆ ಸಿಗುತ್ತದೆ. ನಲ್ಲಿ ನೀರು ಕುಡಿಯಬೇಡಿ. ಚಟ್ನಿಪುಡಿ, ಗಟ್ಟಿ ಅವಲಕ್ಕಿ ಇದ್ದರೆ ಹಡಗಿನಲ್ಲೂ ದಡದಲ್ಲೂ ಬಚಾವು. ಹಣ್ಣು, ಮಾಂಸದ ಪದಾರ್ಥ ಮಾತ್ರ ಬಂದರಿನ ಗೇಟು ದಾಟಿಸಬೇಡಿ.

ಕಾಸಿನ ಲೆಕ್ಕ ಸುಲಭ: ಡಾಂಗ್ ಬೆಲೆಯಿಂದ ಎರಡು ಸೊನ್ನೆ ತೆಗೆದು ಮೂರರಿಂದ ಭಾಗಿಸಿ. 30,000 ಡಾಂಗ್ ಅಂದರೆ ಸುಮಾರು 100 ರೂಪಾಯಿ. 20,000ದ ನೋಟು ಮತ್ತು 5,00,000ದ ನೋಟು ಎರಡೂ ನೀಲಿ ಛಾಯೆಯವು. ಕತ್ತಲೆಯಲ್ಲಿ ಟ್ಯಾಕ್ಸಿಯವರಿಗೆ 65 ರೂಪಾಯಿ ಬದಲು 1,650 ಕೊಟ್ಟು ಬಂದವರುಂಟು. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಿ. ನಮ್ಮ ರೂಪಾಯಿ ನೋಟು ಬದಲಿಸುವುದು ಅಲ್ಲಿ ಕಷ್ಟ, ಫೋನ್‌ಪೇ ನಂಬಿ ಹೋಗಬೇಡಿ. ಮಡಿಕೆಯಿಲ್ಲದ ಡಾಲರ್ ನೋಟು, ಜೊತೆಗೊಂದು ಫಾರೆಕ್ಸ್ ಕಾರ್ಡ್ ಸಾಕು. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ನಡೆಯುತ್ತದೆ.

ರಸ್ತೆಯಲ್ಲಿ ವಾಹನಗಳು ಓಡುವುದು ಬಲಗಡೆ. ದಾಟುವಾಗ ಮೊದಲು ಎಡಕ್ಕೆ ನೋಡಬೇಕು, ನಮ್ಮ ಕತ್ತು ಅಭ್ಯಾಸಬಲದಿಂದ ಬಲಕ್ಕೇ ತಿರುಗುತ್ತದೆ. ಸ್ಕೂಟರುಗಳ ಹಿಂಡು ನಿಲ್ಲುವುದಿಲ್ಲ. ಒಂದೇ ನಿಧಾನಗತಿಯಲ್ಲಿ, ಹಿಂದೆ ಸರಿಯದೆ ನಡೆದರೆ ಅವರೇ ಸುತ್ತು ಹಾಕಿ ಹೋಗುತ್ತಾರೆ. ಓಡಿದರೆ ಅಪಾಯ. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು, ಬೈಕು ಎರಡೂ ಸಿಗುತ್ತವೆ, ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ. ಬೈಕನ್ನು ನೀವೇ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಬಿಡಿ. ಲೈಸೆನ್ಸಿನ ತಕರಾರು ಬಂದರೆ ವಿಮೆಯವರು ಕೈ ಎತ್ತುತ್ತಾರೆ. 2024ರ ಡಿಸೆಂಬರ್ 22ರಿಂದ ಮೆಟ್ರೊ ಓಡುತ್ತಿದೆ, ಬೆನ್ ತಾನ್‌ನಿಂದ 19.7 ಕಿ.ಮೀ. ಒಂದೇ ಮಾರ್ಗ, ತಣ್ಣಗೆ ಕೂತು ಊರು ನೋಡಲು ಅಡ್ಡಿಯಿಲ್ಲ. ಫೋನನ್ನು ಪಾದಚಾರಿ ದಾರಿಯ ರಸ್ತೆ ಬದಿಯ ಕೈಯಲ್ಲಿ ಹಿಡಿಯಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಅಲ್ಲಿ ಮಾಮೂಲು.

ಮಳೆ ಮೇಯಿಂದ ನವೆಂಬರ್‌ವರೆಗೆ, ಮಧ್ಯಾಹ್ನದ ಮೇಲೆ ಒಂದು ತಾಸು ಜಡಿದು ನಿಲ್ಲುತ್ತದೆ. ಆಗುಂಬೆ ಕಂಡವರಿಗೆ ಅದು ಲೆಕ್ಕಕ್ಕಿಲ್ಲ. ಏಪ್ರಿಲ್ ಬಿಸಿಲು ಮಾತ್ರ ಕೊಲ್ಲುತ್ತದೆ. ಅಲ್ಲಿಯ ಗಂಟೆ ನಮಗಿಂತ ಒಂದೂವರೆ ತಾಸು ಮುಂದೆ, ಅಮ್ಮನಿಗೆ ಫೋನ್ ಮಾಡುವಾಗ ನೆನಪಿರಲಿ.

ಕೊನೆಯ ದಿನ

ಹಡಗು ಹೊರಡುವ ಸಮಯ ಬೇರೆ, ನೀವು ಹಡಗಿನಲ್ಲಿರಬೇಕಾದ ಸಮಯ ಬೇರೆ. ಎರಡನೆಯದು ಸಾಮಾನ್ಯವಾಗಿ ಒಂದೆರಡು ತಾಸು ಮುಂಚೆ. ಸೆಮಿಸ್ಟರ್ ಅಟ್ ಸೀ ಹಡಗಿನಲ್ಲಿ ತಡವಾಗಿ ಬಂದವರನ್ನು ಮುಂದಿನ ಬಂದರಿನಲ್ಲಿ ಇಂತಿಷ್ಟು ತಾಸು ಕೆಳಗಿಳಿಯಲು ಬಿಡದೆ ಕೂರಿಸುತ್ತಾರೆ. ಸರಕು ಹಡಗು ಅಷ್ಟು ಉದಾರಿಯಲ್ಲ, ಬಿಟ್ಟೇ ಹೋಗುತ್ತದೆ. ಹಾಗಾಗಿ ಕೊನೆಯ ದಿನ ದೂರದ ಟೂರ್ ಬೇಡ. ಹಡಗು ಫು ಮಿಯಲ್ಲಿದ್ದರೆ ಮಧ್ಯಾಹ್ನದೊಳಗೆ ಪೇಟೆ ಬಿಡಿ. ಸಂಜೆ ನಾಲ್ಕರ ಮೇಲೆ ಆ ಹೆದ್ದಾರಿ ಲಾರಿಗಳಿಂದ ತುಂಬುತ್ತದೆ.

ಹಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ, ನಿಮ್ಮ ಕೈಯಲ್ಲಿರುವುದು ಅದರ ನಕಲು ಮತ್ತು ಹಡಗಿನ ಗುರುತಿನ ಚೀಟಿ. ಹಡಗು ತಪ್ಪಿದರೆ ಪರದೇಶದಲ್ಲಿ ಪಾಸ್‌ಪೋರ್ಟ್ ಇಲ್ಲದೆ ನಿಂತಂತೆ. ಆಗ ಮೊದಲು ಕರೆಯಬೇಕಾದದ್ದು ಬಂದರಿನಲ್ಲಿ ನಿಮ್ಮ ಹಡಗಿನ ಏಜೆಂಟರನ್ನು, ಆಮೇಲೆ ಹೋ ಚಿ ಮಿನ್ ನಗರದಲ್ಲಿರುವ ಭಾರತದ ಕಾನ್ಸುಲೇಟನ್ನು. ಮುಂದಿನ ಬಂದರಿಗೆ ವಿಮಾನದಲ್ಲಿ ಹೋಗಿ ಸೇರುವ ಖರ್ಚು ನಿಮ್ಮದೇ. ಏಜೆಂಟರ ನಂಬರು, ಬಂದರಿನ ಗೇಟಿನ ಹೆಸರು, ಹಡಗಿನ ಹೆಸರು ಮೂರನ್ನೂ ವಿಯೆಟ್ನಾಮಿ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಡಿ. ಫೋನಿನಲ್ಲಿ ಮಾತ್ರ ಇಟ್ಟರೆ ಫೋನು ಹೋದ ದಿನ ಅದೂ ಹೋಯಿತು. ಪೊಲೀಸರಿಗೆ 113, ಅಗ್ನಿಶಾಮಕಕ್ಕೆ 114, ಆಂಬುಲೆನ್ಸ್‌ಗೆ 115. ಅದೇ ಚೀಟಿಯ ಹಿಂಬದಿಯಲ್ಲಿ ಇವನ್ನೂ, ಮನೆಯ ಒಂದು ನಂಬರನ್ನೂ ಬರೆದುಕೊಳ್ಳಿ.